ಎರಡನೆಯ ಹೆಸರು

ಜೂನ್ ೩

ಮಗಳೇ,

"ಬೆಂಕಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ." ಬೆಳಗ್ಗೆಯಿಂದ ಈ ಸಾಲು ತಲೆಯಲ್ಲಿ ಕೂತುಬಿಟ್ಟಿದೆ. ಎಲ್ಲಿ ಓದಿದ್ದೋ ನೆನಪಾಗುತ್ತಿಲ್ಲ. "ಬಾಗಿಲು ತಟ್ಟುವ" ಎಂದಿತ್ತೋ, "ಹೇಳಿ ಬರುವ" ಎಂದಿತ್ತೋ, ಅದೂ ಖಾತ್ರಿಯಿಲ್ಲ. ಗ್ರಂಥಾಲಯದಲ್ಲಿ ಕವನಗಳ ಎರಡು ಕಪಾಟು ಜಾಲಾಡಿದೆ, ಸಿಗಲಿಲ್ಲ. ಬರೆದವರು ಯಾರೇ ಇರಲಿ, ಅವರ ಮಾತು ನಿಜವೇ ಎಂದು ಆಮೇಲೆ ಅನುಮಾನ ಬಂತು. ತಟ್ಟದೆ ಬರುವುದು ಕೆಟ್ಟದ್ದು, ತಟ್ಟಿ ಬರುವುದು ಒಳ್ಳೆಯದು ಎಂಬ ಹಾಗಿದೆ ಅದರ ಧಾಟಿ. ನನ್ನ ಅನುಭವ ಹಾಗಿಲ್ಲ.

ಇರಲಿ. ನೀನು ಕಳಿಸಿದ ಫಾರಂ ಬಂತು. "ಅವಘಡ ಸಂಭವಿಸಿದಲ್ಲಿ ಯಾರಿಗೆ ತಿಳಿಸಬೇಕು." ಎಂಥ ಭಾಷೆ! ಅದನ್ನು ಬರೆದ ಗುಮಾಸ್ತನಿಗೆ ತಾಯಿ ಇರಲಿಲ್ಲವೇ? ಸಹಿ ಹಾಕೋಣವೆಂದು ಕೂತೆ. ಕನ್ನಡಕದ ಒಂದು ಕಡ್ಡಿ ಸಡಿಲವಾಗಿದೆ, ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತುತ್ತಿವೆ. ಸರಿಮಾಡಿಸಿಕೊಂಡು ಹಾಕುತ್ತೇನೆ.

ವಿಮಾ ಕಚೇರಿಯಲ್ಲಿ ನಿನಗೊಂದು ಕುರ್ಚಿಯಿತ್ತು, ಕುರ್ಚಿಯ ಮೇಲೊಂದು ಫ್ಯಾನಿತ್ತು. "ಬೆಂಕಿ ಆರಿದ ಮೇಲೆ ಹೋಗಿ ಬೂದಿ ಲೆಕ್ಕ ಹಾಕೋದು ಸಾಕಾಗಿದೆ ಅಮ್ಮ, ಉರಿಯುವಾಗಲೇ ಹೋಗ್ತೀನಿ" ಎಂದು ಹೊರಟೆ. ಅಗ್ನಿಶಾಮಕ ಠಾಣೆಯ ಒಂದು ವರ್ಷದ ಕಲಿಕೆಯಲ್ಲಿ ಐದು ತಿಂಗಳು ಕಳೆಯಿತು. ಈ ಐದು ತಿಂಗಳಲ್ಲಿ ನೀನು ಪೈಪು ಸುತ್ತಿದ್ದು, ಪೈಪು ಬಿಚ್ಚಿದ್ದು, ಪೈಪು ತೊಳೆದದ್ದು ಬಿಟ್ಟು ಬೇರೇನನ್ನೂ ಬರೆದಿಲ್ಲ. ಅದಕ್ಕೆ ಎಂ.ಕಾಂ. ಬೇಕಿತ್ತೇ?

ವಾರವಿಡೀ ನಿಮ್ಮ ಫೋನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ನಿಯಮಕ್ಕೆ ಮಾತ್ರ ನನ್ನ ಬೆಂಬಲವಿದೆ. ಭಾನುವಾರದ ಹತ್ತು ನಿಮಿಷವನ್ನು ನಾವಿಬ್ಬರೂ ಜಗಳಕ್ಕೇ ಕಳೆಯುತ್ತೇವೆ. ಕಾಗದದಲ್ಲಾದರೆ ನೀನು ನನ್ನ ಮಾತನ್ನು ಪೂರ್ತಿ ಮುಗಿಯಲು ಬಿಡುತ್ತೀಯೆ.

ಇಲ್ಲಿ ಎಲ್ಲ ಹಾಗೇ ಇದೆ. ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆ ಈಚೆಗೆ ಜೇನುಗೂಡಿನಂತೆ ಗುಂಯ್‌ಗುಡುತ್ತಿದೆ. ಸಂಜೆ ಕೆಲಸದಿಂದ ಬಂದು ಹತ್ತುವಾಗ ಒಂದು ಗಳಿಗೆ ನಿಂತು ಕೇಳುತ್ತೇನೆ. ನಮ್ಮ ಮಹಡಿಯಲ್ಲಿ ಎದುರುಮನೆಯ ಟೈಲರ್ ತಮ್ಮ ಮರದ ಬೀರುವನ್ನು ಮೆಟ್ಟಿಲ ಬಾಯಿಗೇ ತಂದಿಟ್ಟಿದ್ದಾರೆ. ಅಡ್ಡಡ್ಡ ನಡೆದು ಒಳಗೆ ಬರುತ್ತೇನೆ.

ಅಮ್ಮ


ಜೂನ್ ೧೧

ಅಮ್ಮಾ,

ಆ ಸಾಲು ಬರೆದವರು ಒಂದು ದಿನವೂ ಬೆಂಕಿಯ ಹತ್ತಿರ ನಿಂತವರಲ್ಲ. ಬೆಂಕಿ ಬಾಗಿಲು ತಟ್ಟುತ್ತದೆ. ಕೇಳಿಸಿಕೊಳ್ಳುವ ರೀತಿ ಬೇರೆ, ಅಷ್ಟೆ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ನಾವು ಕೈಯ ಹಿಂಬದಿಯನ್ನು ಅದರ ಮೇಲಿಡುತ್ತೇವೆ, ಕೆಳಗಿನಿಂದ ಮೇಲಕ್ಕೆ. ಅಂಗೈ ಇಡಬಾರದು. ಅಂಗೈ ಸುಟ್ಟರೆ ಮತ್ತೆ ಏಣಿ ಹಿಡಿಯೋದು ಯಾವುದರಲ್ಲಿ? ಬಾಗಿಲು ಬಿಸಿಯಿದ್ದರೆ ಆಚೆ ಬೆಂಕಿಯಿದೆ ಎಂದರ್ಥ. ತೆರೆಯಬಾರದು. ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ ಕಿಟಕಿಗೆ ಹೋಗಬೇಕು. ಇದನ್ನು ನಿನ್ನ ಕವಿಗೂ ಬರೆದು ತಿಳಿಸು.

ನಮ್ಮ ಮೇಷ್ಟ್ರ ಬಗ್ಗೆ ಹೇಳಿದ್ದೆನಲ್ಲ, ಠಾಣೆಯಲ್ಲಿ ನಮ್ಮನ್ನು ತಿದ್ದುವವರು. ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗಕ್ಕೆ ಗಂಟು ಹಾಕಿಸುತ್ತಾರೆ, ಅದಕ್ಕೇ ಎಲ್ಲರೂ ಅವರನ್ನು ಗಂಟು ಮೇಷ್ಟ್ರು ಅನ್ನುತ್ತಾರೆ. ಮೊನ್ನೆ ನಾನು ಬಟ್ಟೆಯ ಸಂದಿಯಿಂದ ಇಣುಕಿದೆ. "ಏನಮ್ಮಾ, ಹೊಗೆ ಒಳಗೆ ನಿಂಗೆ ಟಾರ್ಚ್ ಹಿಡಿಯೋಕೆ ನಿಮ್ಮಪ್ಪ ಬರ್ತಾರಾ?" ಅಂದರು. "ಅವರು ಹೋಗಿ ಆರು ವರ್ಷ ಆಯ್ತು ಸಾರ್" ಅಂದೆ. ಹತ್ತು ನಿಮಿಷ ಬಿಟ್ಟು ಒಂದು ಲೋಟ ಟೀ ತಂದು ನನ್ನ ಪಕ್ಕ ಇಟ್ಟು, "ಗಂಟು ಸಡಿಲ ಇದೆ, ಬಿಚ್ಚಿ ಮತ್ತೆ ಹಾಕು" ಎಂದು ಹೋದರು.

ಪೈಪು ಬಿಟ್ಟು ಬೇರೇನು ಎಂದೆಯಲ್ಲ, ಕೇಳು. ಈಗ ನನಗೆ ಬಿಲ್ಲೆ ಬೋರ್ಡು ಕೊಟ್ಟಿದ್ದಾರೆ. ಉಸಿರಿನ ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ಹೊಗೆಯೊಳಗೆ ಹೋಗುವ ಪ್ರತಿಯೊಬ್ಬರೂ ತಮ್ಮ ಹಳದಿ ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟು ಹೋಗಬೇಕು. ನಾನದನ್ನು ಬೋರ್ಡಿಗೆ ಸಿಕ್ಕಿಸಿ, ಹೋದ ಹೊತ್ತು, ಸಿಲಿಂಡರಿನಲ್ಲಿರುವ ಗಾಳಿ, ಎಷ್ಟು ಗಂಟೆಯೊಳಗೆ ಹೊರಗೆ ಬರಬೇಕು, ಎಲ್ಲ ಬರೆಯಬೇಕು. ಅವರು ಬಂದು ಬಿಲ್ಲೆ ವಾಪಸ್ ತೆಗೆದುಕೊಳ್ಳುವವರೆಗೆ ಬೀದಿಯಲ್ಲಿ ನಿಂತು ಗಡಿಯಾರ ನೋಡುವುದು. ಸಿನಿಮಾ ಟಿಕೆಟ್ ಹರಿಯುವವಳ ಹಾಗೆ. ನೋಡಲು ಬಂದ ಜನ ನನ್ನನ್ನು ಕಂಡು, "ನೀವು ಒಳಗೆ ಹೋಗಲ್ವಾ ಮೇಡಂ?" ಅನ್ನುತ್ತಾರೆ.

ಒಳಗೆ ಹೋಗಬೇಕಾದರೆ ಮೊದಲು ಹೊಗೆ ಕೋಣೆಯ ಪರೀಕ್ಷೆ ಪಾಸಾಗಬೇಕು. ಅದರ ಕೊನೆಯ ಸರದಿ ಜುಲೈ ಕೊನೆಗೆ. ಆ ಫಾರಂ ಇಲ್ಲದೆ ಹೊಗೆ ಕೋಣೆಗೆ ಬಿಡುವುದಿಲ್ಲ. ಪರೀಕ್ಷೆಯಿಲ್ಲದಿದ್ದರೆ ಕಲಿಕೆ ಅಲ್ಲಿಗೇ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಒಂದು ಸಹಿ, ಅಮ್ಮ. ಕನ್ನಡಕದ ಕಡ್ಡಿಗೆ ಒಂದು ಸ್ಕ್ರೂ ಹಾಕಿಸೋಕೆ ಎಷ್ಟು ದಿನ ಬೇಕು?

ಮತ್ತೆ, ಗುಂಯ್‌ಗುಡುವ ಮೀಟರ್ ಪೆಟ್ಟಿಗೆಯ ಮುಂದೆ ನಿಂತು ಜೇನುಗೂಡು ಎಂದು ತಲೆದೂಗಬೇಡ. ಎಲೆಕ್ಟ್ರಿಷಿಯನ್ ಕರೆಸು! ಟೈಲರಿಗೆ ಹೇಳಿ ಮೆಟ್ಟಿಲ ಮೇಲಿರುವುದನ್ನೆಲ್ಲ ತೆಗೆಸು. ಒಂದು ಇಸ್ತ್ರಿಪೆಟ್ಟಿಗೆಗೆ ಆರು ವರ್ಷ ಅವರ ಮೇಲೆ ಮುನಿಸಿಕೊಂಡು ಕೂತರೆ ಹೇಗೆ?

ನಿನ್ನ ಮಗಳು


ಜೂನ್ ೧೯

ಮಗಳೇ,

ಎಷ್ಟು ಒಳ್ಳೆಯ ಸುದ್ದಿ ಬರೆದೆ! ಬೀದಿಯಲ್ಲಿ ನಿಲ್ಲುವ ಕೆಲಸ. ಕೈಯಲ್ಲಿ ಬೋರ್ಡು, ಎದುರಿಗೆ ಗಡಿಯಾರ, ತಲೆಯ ಮೇಲೆ ಬಯಲು. ಇದನ್ನು ಮೊದಲೇ ಹೇಳಿದ್ದರೆ ನಾನು ಇಷ್ಟು ದಿನ ಒದ್ದಾಡುತ್ತಲೇ ಇರಲಿಲ್ಲ. ನಿನಗೆ ಚಿಕ್ಕಂದಿನಿಂದಲೂ ಲೆಕ್ಕ ಚೆನ್ನ. ಆ ಕೆಲಸವನ್ನೇ ಚೆನ್ನಾಗಿ ಮಾಡು, ಅದೇ ಕಾಯಂ ಆಗುವ ಹಾಗೆ ನಿಮ್ಮ ಮೇಷ್ಟ್ರನ್ನು ಕೇಳು. ಒಳಗೆ ಹೋಗಲು ಬೇಕಾದಷ್ಟು ಜನ ಇರುತ್ತಾರೆ. ಹೊರಗೆ ನಿಲ್ಲುವವರೂ ಬೇಕಲ್ಲ.

ಕನ್ನಡಕ ಸರಿಯಾಯಿತು. ಆದರೆ ಫಾರಮ್ಮಿನ ಮೇಲೆ ಟೀ ಚೆಲ್ಲಿತು, ಸರಿಯಾಗಿ ಸಹಿಯ ಜಾಗದಲ್ಲೇ. ಸರ್ಕಾರಿ ಕಾಗದಕ್ಕೆ ಕಲೆಯಾದರೆ ಒಪ್ಪುವುದಿಲ್ಲ. ಇನ್ನೊಂದು ಕಳಿಸು, ಅವಸರವೇನಿಲ್ಲ.

ಟೈಲರಿಗೆ ಹೇಳಿದ್ದೇನೆ. ಆ ಇಸ್ತ್ರಿಪೆಟ್ಟಿಗೆಯ ವಿಷಯ ನಿನಗೆ ಗೊತ್ತಿಲ್ಲ, ಅದರ ಬಗ್ಗೆ ತಮಾಷೆ ಬೇಡ.

ನಿನಗೆ ಟೀ ತಂದುಕೊಟ್ಟ ಮೇಷ್ಟ್ರು ಒಳ್ಳೆಯವರಿರಬೇಕು. ಆದರೂ ಅಪ್ಪನ ಮಾತು ಎತ್ತಬಾರದಿತ್ತು.

ಅಮ್ಮ


ಜೂನ್ ೨೭

ಅಮ್ಮಾ,

ಫಾರಂ ಇದರ ಜೊತೆಗಿದೆ. ಎರಡು ಪ್ರತಿ. ಒಂದಕ್ಕೆ ಟೀ ಚೆಲ್ಲು, ಇನ್ನೊಂದಕ್ಕೆ ಸಹಿ ಹಾಕು.

ಹೊರಗೆ ನಿಲ್ಲೋಕೆ ನಾನಿಲ್ಲಿಗೆ ಬಂದಿಲ್ಲ. ನಿನ್ನ ಕಾಗದ ಓದಿ ನನಗೆ ಬಂದ ಸಿಟ್ಟಿಗೆ ಒಂದೇ ಮಧ್ಯಾಹ್ನ ಹದಿನಾಲ್ಕು ಪೈಪು ತೊಳೆದೆ. ನಾನು ಅತ್ತುಕೊಂಡು ಬರೆದದ್ದನ್ನು ನೀನು ಸಿಹಿಸುದ್ದಿ ಎಂದು ಓದುತ್ತೀಯಲ್ಲ, ಅದು ಹೇಗೆ? ಐದು ತಿಂಗಳು ಏಣಿ ಹತ್ತಿ, ಮರಳಿನ ಮೂಟೆ ಹೊತ್ತು ಓಡಿ, ಕೊನೆಗೆ ಬೀದಿಯಲ್ಲಿ ಸ್ಲೇಟು ಹಿಡಿದು ನಿಂತಿದ್ದೇನೆ. ನನ್ನ ಜೊತೆ ಸೇರಿದ ಮೂವರೂ ಮೊದಲ ಸರದಿಯಲ್ಲೇ ಹೊಗೆ ಕೋಣೆ ಪಾಸಾದರು. ಅವರ ಮನೆಯವರು ಎರಡೇ ದಿನದಲ್ಲಿ ಫಾರಂ ಕಳಿಸಿದ್ದರು. ಇಲ್ಲಿ ನನಗೆ ಅಂಚೆ ಅಂತ ಹೆಸರಿಟ್ಟಿದ್ದಾರೆ, ಕಾಗದ ಬರುವುದು ನನಗೊಬ್ಬಳಿಗೇ. "ಅಂಚೆ, ನಿನ್ ಫಾರಂ ಬಂತಾ?" "ಕವಿತೆ ಬಂದಿದೆ ಸಾರ್." ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಎಷ್ಟು ಸಲ ನಗಲಿ?

ಫಾರಮ್ಮಿನಲ್ಲಿ ಎರಡು ಸಾಲಿದೆ, ಗಮನಿಸು. ಮೊದಲನೆಯದು ನಿನ್ನ ಹೆಸರು, ಸಹಿ. ನೀನು ಸಿಗದಿದ್ದರೆ ಯಾರಿಗೆ ಹೇಳಬೇಕು ಎಂಬುದು ಎರಡನೆಯದು. ಅದೂ ತುಂಬಬೇಕು. ನೀನಂತೂ ಫೋನನ್ನು ಗ್ರಂಥಾಲಯದ ಡ್ರಾಯರಿನಲ್ಲಿ ಬಾಯಿ ಮುಚ್ಚಿಸಿ ಇಡುವವಳು.

ಮೆಟ್ಟಿಲ ಮೇಲಿನ ಸಾಮಾನು ಹೋಯಿತಾ? ಹೌದು ಅಥವಾ ಇಲ್ಲ, ಒಂದೇ ಪದದಲ್ಲಿ ಬರೆ.

ಮಗಳು


ಜುಲೈ ೮

ಮಗಳೇ,

ಬೀರು ಹೋಯಿತು. ಇದು ಎರಡು ಪದವಾಯಿತು, ಕ್ಷಮಿಸು.

ಫಾರಂ ಮೇಜಿನ ಮೇಲಿದೆ. ದಿನಾ ಎದುರಿಗೆ ಕೂರುತ್ತೇನೆ. ಮೊದಲ ಸಾಲಿನ ಮಾತು ಬಿಡು, ಎರಡನೆಯ ಸಾಲಿಗೆ ಯಾರ ಹೆಸರು ಬರೆಯಲಿ? ನಿನ್ನ ಸೋದರಮಾವನಿಗೆ ಫೋನು ಮಾಡಿದರೆ ಅತ್ತೆ ಎತ್ತುತ್ತಾಳೆ, ಅತ್ತೆಗೆ ಒಂದು ಮಾತು ಹೇಳಿದರೆ ಊರೆಲ್ಲ ಅಳುತ್ತದೆ. ಗ್ರಂಥಾಲಯದ ಜವಾನ ಮುಂದಿನ ತಿಂಗಳು ನಿವೃತ್ತನಾಗುತ್ತಾನೆ. ನನ್ನ ಬದುಕಿನಲ್ಲಿ ಎರಡನೆಯ ಸಾಲಿಗೆ ಜನವೇ ಇಲ್ಲ ಎಂಬುದು ಈ ಫಾರಮ್ಮಿನಿಂದ ತಿಳಿಯಿತು. ಅರ್ಧ ತುಂಬಿದ ಕಾಗದ ಕಳಿಸುವುದು ಸರಿಯಲ್ಲವೆಂದು ಇಟ್ಟುಕೊಂಡಿದ್ದೇನೆ.

ಆ ಸಾಲು ಇನ್ನೂ ಸಿಕ್ಕಿಲ್ಲ. "ಹೇಳಿ ಬರುವ" ಎಂದೇ ಇತ್ತು ಅನ್ನಿಸುತ್ತಿದೆ ಈಗ.

ಅತ್ತುಕೊಂಡು ಬರೆದಿದ್ದೆ ಎಂದೆಯಲ್ಲ, ಆ ಕಾಗದವನ್ನು ತೆಗೆದು ಮತ್ತೆ ಓದಿದೆ. ಎಲ್ಲೂ ಅಳು ಕಾಣಲಿಲ್ಲ. ಸಿನಿಮಾ ಟಿಕೆಟ್ಟಿನ ಮಾತು ಓದಿ ಆವತ್ತು ನಕ್ಕಿದ್ದೆ. ನೀನು ಸರಿಯಾಗಿ ಹೇಳಬೇಕು.

ಅಮ್ಮ


ಜುಲೈ ೧೯

ಮಗಳೇ,

ಹನ್ನೊಂದು ದಿನವಾಯಿತು, ಉತ್ತರವಿಲ್ಲ. ಭಾನುವಾರ ಫೋನೂ ಇಲ್ಲ. ಫಾರಮ್ಮಿನ ಸಿಟ್ಟು ಎಂದು ಗೊತ್ತು. ಸಿಟ್ಟನ್ನಾದರೂ ಬರೆದು ಕಳಿಸಬಹುದಿತ್ತು. ನಾನು ಕಳಿಸದಿದ್ದದ್ದು ತಪ್ಪೇ ಇರಬಹುದು, ಆದರೆ ತಾಯಿಗೆ ಹೀಗೆ ಮೌನ ಹಿಡಿದು ಶಿಕ್ಷೆ ಕೊಡುವುದನ್ನೂ ಅಲ್ಲೇ ಕಲಿಸುತ್ತಾರೋ?

ನಿನ್ನ ಹಾಸಿಗೆಯ ಹೊದಿಕೆ ಬದಲಿಸಿದ್ದೇನೆ. ಸುಮ್ಮನೆ.

ಅಮ್ಮ


ಜುಲೈ ೨೪

ಅಮ್ಮಾ,

ಕೆಲಸವಿತ್ತು. ಚೆನ್ನಾಗಿದ್ದೇನೆ. ಪರೀಕ್ಷೆ ಮುಂದಕ್ಕೆ ಹೋಗಿದೆ, ಫಾರಮ್ಮಿಗೆ ಈಗ ಅವಸರವಿಲ್ಲ. ಬಿಲ್ಲೆ ಬೋರ್ಡು ಈಗ ನನ್ನ ಹತ್ತಿರವಿಲ್ಲ. ಪೈಪು ತೊಳೆಯುತ್ತಿದ್ದೇನೆ.

ಹೊದಿಕೆ ಬದಲಿಸಿದ್ದಕ್ಕೆ ಸಂತೋಷ.

ಮಗಳು


ಜುಲೈ ೨೯

ಮಗಳೇ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಸಾಲುಗಳ ನಡುವೆ ಓದುವುದು ನನಗೆ ಅಭ್ಯಾಸವಾದ ಕೆಲಸ. "ಅವಸರವಿಲ್ಲ" ಎಂದಿದ್ದೀಯೆ, "ಹೊದಿಕೆಗೆ ಸಂತೋಷ" ಎಂದಿದ್ದೀಯೆ. ಅರ್ಥವಾಯಿತು. ನೀನಾಗಿ ಬಾಯಿಬಿಟ್ಟು ಹೇಳಲು ಸಂಕೋಚ ಪಡಬೇಡ. ಮನಸ್ಸು ಬದಲಾಗುವುದು ಅವಮಾನವಲ್ಲ. ವಿಮಾ ಕಚೇರಿಯ ನಿನ್ನ ಮೇಲಧಿಕಾರಿಯನ್ನು ಕಂಡು ಬಂದೆ. ಆ ಕುರ್ಚಿಯಲ್ಲಿ ಈಗ ಬೇರೆಯವರಿದ್ದಾರೆ, ಆದರೆ ಕಿಟಕಿ ಪಕ್ಕ ಇನ್ನೊಂದು ಖಾಲಿಯಾಗಲಿದೆಯಂತೆ. ನಿನ್ನ ಪುಸ್ತಕದ ಶೆಲ್ಫು ಒರೆಸಿ, ಮೇಜನ್ನು ಬೆಳಕಿನ ಕಡೆಗೆ ತಿರುಗಿಸಿ ಇಟ್ಟಿದ್ದೇನೆ.

ಯಾವತ್ತು ಬರುತ್ತೀಯೆಂದು ಬರೆ.

ಅಮ್ಮ


ಆಗಸ್ಟ್ ೪

ಅಮ್ಮಾ,

ದಯವಿಟ್ಟು ಸಾಲುಗಳ ನಡುವೆ ಓದುವುದನ್ನು ನಿಲ್ಲಿಸು! ಸಾಲುಗಳನ್ನು ಓದು, ಸಾಕು. ಯಾರನ್ನು ಕೇಳಿ ಕಚೇರಿಗೆ ಹೋದೆ? ಯಾರು ಬರುತ್ತೇನೆಂದರು?

ಮನೆಗೆ ಬರುವ ಆಸೆಯಲ್ಲ, ನಾನು ಹೇಳದೆ ಉಳಿಸಿಕೊಂಡದ್ದು ಬೇರೆಯೇ ಇದೆ. ಈಗ ಹೇಳುತ್ತೇನೆ, ಪೂರ್ತಿ ಓದು.

ಜುಲೈ ಹನ್ನೊಂದು, ಮಧ್ಯಾಹ್ನ ಎರಡು ಗಂಟೆ. ಹಾಸಿಗೆ ದಿಂಬುಗಳ ಗೋದಾಮು. ಮೂವರು ಒಳಗೆ ಹೋದರು. ಮೂರು ಬಿಲ್ಲೆ ನನ್ನ ಬೋರ್ಡಿನ ಮೇಲೆ. ಅಷ್ಟರಲ್ಲಿ ಬೀದಿಯಲ್ಲಿ ಒಂದು ಪೈಪಿನ ಜೋಡಣೆ ಕಳಚಿ, ಪೈಪು ಹಾವಿನ ಹಾಗೆ ಎಗರಾಡತೊಡಗಿತು. ನಮ್ಮ ಡ್ರೈವರಣ್ಣ ಒಬ್ಬರೇ ಅದರ ಮೇಲೆ ಬಿದ್ದು ಒದ್ದಾಡುತ್ತಿದ್ದರು. ನಾನು ಬೋರ್ಡನ್ನು ಗಾಡಿಯ ಮೆಟ್ಟಿಲ ಮೇಲಿಟ್ಟು ಓಡಿದೆ. ಕೊನೆಗೂ ಕೈಗೊಂದು ಕೆಲಸ ಸಿಕ್ಕಿತು ಅಂತ ಖುಷಿಯೂ ಆಯಿತಮ್ಮ, ಸುಳ್ಳು ಹೇಳುವುದಿಲ್ಲ. ನಾಲ್ಕೇ ನಿಮಿಷ. ವಾಪಸ್ ಬಂದಾಗ ಬೋರ್ಡು ನೀರಲ್ಲಿ ಬಿದ್ದಿತ್ತು. ಬಿಲ್ಲೆಗಳಿದ್ದವು, ಹೊತ್ತು ಬರೆದದ್ದು ಅಳಿಸಿ ಹೋಗಿತ್ತು.

ಮೇಷ್ಟ್ರು ಕೂಗಿದರು. "ಅಂಚೆ! ಉದ್ದಣ್ಣ ಎಷ್ಟೊತ್ತಿಗೆ ಹೋದ?" ಉದ್ದಣ್ಣ ಎಂದರೆ ನಮ್ಮಲ್ಲಿ ಎಲ್ಲರಿಗಿಂತ ಎತ್ತರದವರು, ನನಗೆ ಏಣಿ ಕಲಿಸಿದವರು. ಎರಡು ಗಂಟೆ ಏಳು ನಿಮಿಷವೋ, ಹನ್ನೊಂದು ನಿಮಿಷವೋ ನನಗೆ ಗೊತ್ತಿರಲಿಲ್ಲ. "ಹನ್ನೊಂದು ಸಾರ್" ಅಂದೆ.

ಏಳಾಗಿತ್ತು.

ಉದ್ದಣ್ಣ ಮೊಣಕಾಲಲ್ಲಿ ತೆವಳಿಕೊಂಡು ಹೊರಗೆ ಬಂದಾಗ ಸಿಲಿಂಡರ್ ಪೂರ್ತಿ ಖಾಲಿ. ಮಾಸ್ಕ್ ಕಿತ್ತೆಸೆದು ಬೀದಿಯಲ್ಲೇ ವಾಂತಿ ಮಾಡಿಕೊಂಡರು. ಈಗ ಚೆನ್ನಾಗಿದ್ದಾರೆ. ಮಾರನೇ ದಿನ ನನ್ನನ್ನು ನೋಡಿ, "ಅಂಚೆ, ನಾಲ್ಕು ನಿಮಿಷ ಜಾಸ್ತಿ ಆಯಸ್ಸು ಬರ್ದಿದ್ಯಲ್ಲೇ ನಂಗೆ" ಎಂದು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇಷ್ಟ್ರು ಬೈಯಲಿಲ್ಲ, ಕೂರಿಸಿಕೊಂಡು ಹೇಳಿದರು. "ಬೋರ್ಡ್ ಬಿಟ್ಟು ಓಡಿದ್ದು ತಪ್ಪು. ಆದ್ರೆ ಅದು ಎಳಸುತನ, ಹೋಗುತ್ತೆ. ಅಂದಾಜು ಹೇಳಿದ್ಯಲ್ಲ, ಅದು ನನಗೆ ಭಯ. ಗೊತ್ತಿಲ್ಲ ಸಾರ್ ಅಂದಿದ್ರೆ ಆ ಕ್ಷಣವೇ ಮೂವರನ್ನೂ ಹೊರಗೆ ಕರೀತಿದ್ದೆ." ನನಗೆ ಆಗ ನೆನಪಾದದ್ದು ನೀನು. ಸಾಲು ಅರ್ಧ ನೆನಪಿದ್ದರೂ ಪೂರ್ತಿ ಹೇಳಿಬಿಡುವ ನಿನ್ನ ಚಾಳಿ ನನಗೂ ಬಂದಿದೆ. ನಿನ್ನದರಲ್ಲಿ ಯಾರೂ ಸಾಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಬೋರ್ಡು ಕಿತ್ತುಕೊಂಡರು. ಆಗಸ್ಟ್ ಇಪ್ಪತ್ತೆಂಟಕ್ಕೆ ನನಗೊಬ್ಬಳಿಗೇ ಹೊಗೆ ಕೋಣೆಯ ಪರೀಕ್ಷೆ. ಅದರಲ್ಲಿ ಪಾಸಾದರೆ ಮೇಷ್ಟ್ರು ಉಳಿಸಿಕೊಳ್ಳುತ್ತಾರೆ, ಇನ್ನೊಂದು ಅವಕಾಶವಿಲ್ಲ. ಫಾರಂ ಇಪ್ಪತ್ತೈದರೊಳಗೆ ಇಲ್ಲಿರಬೇಕು. ನನ್ನನ್ನು ಫೇಲು ಮಾಡುವುದಾದರೆ ಆ ಕೋಣೆ ಮಾಡಲಿ. ನಿನ್ನ ಕನ್ನಡಕ, ನಿನ್ನ ಟೀ, ನಿನ್ನ ಎರಡನೇ ಸಾಲು ಮಾಡಬಾರದು. ನಿನಗೆ ಹಾಕಲು ಇಷ್ಟವಿಲ್ಲದಿದ್ದರೆ "ಇಷ್ಟವಿಲ್ಲ" ಎಂದೇ ಬರೆ. ಅಂದಾಜಿನ ಮೇಲೆ ಕಾಯಿಸಬೇಡ.

ಮಗಳು


ಆಗಸ್ಟ್ ೧೯

ಮಗಳೇ,

ಫಾರಂ ಇದರ ಜೊತೆಗಿದೆ, ಸಹಿ ಹಾಕಿದೆ. ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮೊದಲು ಇದನ್ನೇ ಹೇಳಿಬಿಟ್ಟೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಓದುವುದಿಲ್ಲ. ನಿನ್ನ ಕಾಗದಕ್ಕೆ ಹದಿನೈದು ದಿನ ಉತ್ತರ ಬರೆಯದಿದ್ದುದಕ್ಕೆ ನೆಪ ಹೇಳುವುದಿಲ್ಲ. ಉದ್ದಣ್ಣನ ವಿಷಯ ಓದಿದ ಮೇಲೆ ಸಹಿ ಹಾಕುವುದು ಇನ್ನೂ ಕಷ್ಟವಾಯಿತು.

ನಿನ್ನೆ ಗ್ರಂಥಾಲಯಕ್ಕೆ ರಜೆ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಬಟ್ಟೆ ಸುಟ್ಟ ಹಾಗೆ ವಾಸನೆ. ಟೈಲರ್ ಏನೋ ಸುಟ್ಟುಕೊಂಡರು ಎಂದು ಬೈಯುತ್ತಾ ಬಾಗಿಲು ತೆಗೆಯಲು ಹೋದೆ. ಚಿಲಕಕ್ಕೆ ಕೈ ಹಾಕಿದವಳು ನಿಂತೆ. ಯಾಕೆಂದು ಕೇಳಬೇಡ. ಕೈಯ ಹಿಂಬದಿಯನ್ನು ಬಾಗಿಲಿಗೆ ಇಟ್ಟೆ, ಕೆಳಗಿನಿಂದ ಮೇಲಕ್ಕೆ. ನನ್ನ ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಬಿಸಿ ಹತ್ತಿತು. ಮೀಟರ್ ಪೆಟ್ಟಿಗೆ ಹೊತ್ತಿಕೊಂಡು, ಗೋಡೆಯಗುಂಟ ತಂತಿ ಹಿಡಿದು ನಮ್ಮ ಮಹಡಿಯವರೆಗೂ ಬಂದಿತ್ತು. ಎಲೆಕ್ಟ್ರಿಷಿಯನ್ನನ್ನು ನಾನು ಕರೆಸಿರಲಿಲ್ಲ.

ನಿನ್ನ ಹಾಸಿಗೆಯ ಹೊಸ ಹೊದಿಕೆಯನ್ನು ನೆನೆಸಿ ಬಾಗಿಲ ಸಂದಿಗೆ ತುರುಕಿ ಕಿಟಕಿಗೆ ಹೋದೆ. ಕೆಂಪು ಗಾಡಿ ಆಗಲೇ ಬಂದಿತ್ತು. ಟೈಲರ್ ನೂಲು ತರಲು ಕೆಳಗಿಳಿದಿದ್ದರು, ಫೋನು ಮಾಡಿದವರೂ ಅವರೇ. ಬೀದಿಯ ನಡುವೆ ನಿಂತು ಅವರು ಅರಚುತ್ತಿದ್ದುದು ನನಗೆ ಮೇಲಕ್ಕೇ ಕೇಳಿಸಿತು. "ಮೂರನೇ ಮಹಡಿ, ಎಡಗಡೆ ಬಾಗ್ಲು, ಒಬ್ರು ಲೇಡೀಸ್ ಇದಾರೆ, ಕರೆದ್ರೆ ಓಗೊಡಲ್ಲ, ನೀವೇ ಹೋಗ್ಬೇಕು!"

ಗಾಡಿಯ ಪಕ್ಕ ಒಬ್ಬ ಹುಡುಗಿ ನಿಂತಿದ್ದಳು. ನಿನಗಿಂತ ಕುಳ್ಳಿ. ಕೈಯಲ್ಲಿ ಬೋರ್ಡು. ಮೂರು ಜನ ಬಂದು ಬಂದು ಹಳದಿ ಬಿಲ್ಲೆ ಕೊಟ್ಟು ಒಳಗೆ ಹೋದರು. ನಾನು ಕೂಗಿದೆ. "ಏ ಹುಡುಗೀ, ಇಲ್ಲಿ ನೋಡು!" ಮೂರು ಸಲ ಕೂಗಿದೆ. ಜನರೆಲ್ಲ ತಲೆಯೆತ್ತಿ ನೋಡಿದರು, ಅವಳೊಬ್ಬಳೇ ನೋಡಲಿಲ್ಲ. ಗಡಿಯಾರ, ಬೋರ್ಡು, ಬಾಗಿಲು, ಮತ್ತೆ ಗಡಿಯಾರ. ನನಗೆ ಎಂಥ ಸಿಟ್ಟು ಬಂತೆಂದರೆ, ಇವಳಿಗೆ ತಾಯಿಯಿಲ್ಲವೇ ಅನ್ನಿಸಿತು. ಆಮೇಲೆ ಒಳಗೆ ಹೋದವರು ಒಬ್ಬೊಬ್ಬರಾಗಿ ಬಂದು ಬಿಲ್ಲೆ ಇಸಿದುಕೊಂಡರು. ಮೂರನೆಯ ಬಿಲ್ಲೆ ಹೋದ ಮೇಲೆ ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡಳು. ಬೀದಿಯಲ್ಲಿ ನಿಲ್ಲುವ ಕೆಲಸ ಎಂದು ನಿನಗೆ ಬರೆದಿದ್ದೆನಲ್ಲ, ತಲೆಯ ಮೇಲೆ ಬಯಲು ಎಂದು! ಅದನ್ನು ಬರೆದ ಕೈಯ ಮೇಲೆ ನನಗೇ ನಾಚಿಕೆಯಾಯಿತು.

ಬೆಂಕಿ ಆರಿ, ಮೆಟ್ಟಿಲು ತೆರವಾಗಿ ನಾನು ಕೆಳಗಿಳಿದ ಮೇಲೆ ಅವಳನ್ನು ಕೇಳಿದೆ. "ಯಾಕಮ್ಮಾ, ಅಷ್ಟು ಕೂಗಿದ್ರೂ ತಲೆ ಎತ್ತಲಿಲ್ಲ?"

"ಆಗ ಮೂರು ಜನ ಒಳಗಿದ್ರು ಆಂಟಿ" ಎಂದಳು.

ಇನ್ನು ತಪ್ಪೊಪ್ಪಿಗೆ. ಟೈಲರಿಗೆ ನಾನು ಏನೂ ಹೇಳಿರಲಿಲ್ಲ. ಅವರು ಜುಲೈ ಮೊದಲ ವಾರದಲ್ಲಿ ತಾವಾಗಿಯೇ ಬೀರು ಸಾಗಿಸಿದರು. ಅದರ ಪಕ್ಕದಲ್ಲಿ ಐದು ರಟ್ಟಿನ ಪೆಟ್ಟಿಗೆಗಳಿದ್ದವು, ನಿನಗೆ ಬರೆದಿರಲಿಲ್ಲ. ಅವು ನನ್ನವು, ಮನೆಯಲ್ಲಿ ಜಾಗವಿಲ್ಲದ ಪುಸ್ತಕಗಳು. ನಿನ್ನೆ ಹೊಗೆಯಲ್ಲಿ ಒಬ್ಬರು ಅವನ್ನು ಎಡವಿ ಬಿದ್ದು ಮೊಣಕಾಲು ಒಡೆದುಕೊಂಡರು. ಸುಟ್ಟದ್ದಕ್ಕಿಂತ ನೀರಿಗೆ ನೆಂದು ಹೋದ ಪುಸ್ತಕವೇ ಹೆಚ್ಚು. ಆ ಸಾಲು ಅವುಗಳಲ್ಲೇ ಎಲ್ಲೋ ಇದ್ದಿರಬೇಕು. ಇನ್ನು ಹುಡುಕುವುದಿಲ್ಲ. "ತಟ್ಟುವ" ಎಂದಿತ್ತೋ "ಹೇಳಿ ಬರುವ" ಎಂದಿತ್ತೋ, ನನಗೆ ಗೊತ್ತಿಲ್ಲ.

ಇಸ್ತ್ರಿಪೆಟ್ಟಿಗೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನಿನ್ನ ಅಪ್ಪ ಬಸ್ ನಿಲ್ದಾಣದಲ್ಲಿ ಕುಸಿದ ದಿನ ನನ್ನ ಫೋನು ಡ್ರಾಯರಿನಲ್ಲೇ ಉಳಿದಿತ್ತು. ಯಾರೋ ಅಪ್ಪನ ಜೇಬಿನ ಚೀಟಿಯಲ್ಲಿದ್ದ ಟೈಲರ್ ಅಂಗಡಿಯ ನಂಬರಿಗೆ ಮಾಡಿದರು, ಹೊಲಿಯಲು ಕೊಟ್ಟ ಪ್ಯಾಂಟಿನ ಚೀಟಿ ಅದು. ಟೈಲರ್ ಬಂದು ಬಾಗಿಲು ತಟ್ಟಿದರು. ನಾನು ತೆಗೆದೆ. ನನ್ನ ಮುಖ ನೋಡಿದರು, "ಮೇಡಂ, ಇಸ್ತ್ರಿಪೆಟ್ಟಿಗೆ ಇದೆಯಾ?" ಎಂದರು. ಟೈಲರಿಗೆ ಇಸ್ತ್ರಿಪೆಟ್ಟಿಗೆ! ಅವರ ಮನೆಯಲ್ಲೇ ಎರಡಿದ್ದವು. ಕೊಟ್ಟೆ, ಒಳಗೆ ಬಂದು ಒಗ್ಗರಣೆ ಹಾಕಿದೆ, ರೇಡಿಯೋ ಜೊತೆ ಹಾಡೂ ಹೇಳಿಕೊಂಡೆ. ಅರ್ಧ ಗಂಟೆ ಬಿಟ್ಟು ಮತ್ತೆ ತಟ್ಟಿದರು. ಪೆಟ್ಟಿಗೆ ವಾಪಸ್ ಕೊಟ್ಟು, ಆಮೇಲೆ ಅಪ್ಪನ ಸುದ್ದಿ ಹೇಳಿದರು. ಆ ಅರ್ಧ ಗಂಟೆ ನಾನು ಹಾಡಿದ್ದಕ್ಕೆ ಅವರನ್ನು ಆರು ವರ್ಷ ಕ್ಷಮಿಸಲಿಲ್ಲ. ನಿನ್ನ ಫಾರಂ ಎದುರಿಗಿಟ್ಟುಕೊಂಡಾಗಲೆಲ್ಲ ನನಗೆ ಕೇಳಿಸುತ್ತಿದ್ದದ್ದು ಆ ತಟ್ಟುವ ಸದ್ದು. ಸಹಿ ಹಾಕಿದರೆ ಅದನ್ನು ನಾನೇ ಕರೆದ ಹಾಗೆ ಅನ್ನಿಸುತ್ತಿತ್ತು. ಇಷ್ಟವಿಲ್ಲದಿದ್ದರೆ ಹಾಗೆಂದೇ ಬರೆ ಎಂದೆಯಲ್ಲ. ಇಷ್ಟವಿಲ್ಲ. ಆದರೂ ಹಾಕಿದ್ದೇನೆ. ಕೋಣೆಯೊಳಗೆ ಹೋಗುವಾಗ ನಿನ್ನ ಬಿಲ್ಲೆಯನ್ನು ತಪ್ಪದೆ ಕೊಟ್ಟು ಹೋಗು, ಬಂದ ಮೇಲೆ ನೀನೇ ಕೈಯಾರೆ ವಾಪಸ್ ತೆಗೆದುಕೊ.

ನಿನ್ನೆ ಸಂಜೆ ಬಾಗಿಲು ತಟ್ಟಿದರು. ಅದೇ ತಟ್ಟು, ಎರಡು ಸಲ, ನಡುವೆ ಸ್ವಲ್ಪ ಬಿಡುವು. ತೆಗೆದೆ. ಟೈಲರ್ ನಿಂತಿದ್ದರು, ಕೈಯಲ್ಲಿ ನನ್ನ ನೆಂದ ಪುಸ್ತಕಗಳು. ತಮ್ಮ ಮನೆಯ ತಂತಿಯ ಮೇಲೆ ಹರವಿ ಒಣಗಿಸಿದ್ದರಂತೆ. ಮೇಜಿನ ಮೇಲೆ ಫಾರಂ ತೆರೆದೇ ಇತ್ತು, ಮೊದಲ ಸಾಲಿನ ಸಹಿಯ ಶಾಯಿ ಇನ್ನೂ ಆರಿರಲಿಲ್ಲ. ಹೊಸ್ತಿಲಾಚೆಯೇ ನಿಂತು ಅದನ್ನು ನೋಡಿದರು, ಏನೆಂದು ಕೇಳಿದರು. ಹೇಳಿದೆ. ಎರಡನೆಯ ಸಾಲು ಯಾಕೆ ಖಾಲಿ ಎಂದರು. ಯಾರೂ ಇಲ್ಲ ಎಂದೆ. ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟು, ಅಂಗಿಯ ಜೇಬಿನಿಂದ ಅಳತೆ ಬರೆಯುವ ಪೆನ್ಸಿಲ್ ತೆಗೆದು, ಅದರಲ್ಲಿ ಆಗುವುದಿಲ್ಲವೆಂದು ಮತ್ತೆ ಒಳಗಿಟ್ಟರು.

"ನನ್ ಹೆಸ್ರು ಬರ್ಕೊಳ್ಳಿ ಮೇಡಂ" ಎಂದರು. "ನೀವಂತೂ ಫೋನ್ ಎತ್ತಲ್ಲ, ಯಾರಾದ್ರೂ ಬಂದು ತಟ್ಟಲೇಬೇಕು. ಈ ಸಲ ಇಸ್ತ್ರಿಪೆಟ್ಟಿಗೆ ಕೇಳಲ್ಲ."